ಸೆನ್ಸರ್ ಪರೀಕ್ಷೆಗೆ ನಮ್ಮ ಹುಡುಗರಿಗೂ ಒಂದು ತಿರುಗೋ ಮೇಜು ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ದಾವಣಗೆರೆಯವನು. ಪಿ.ಬಿ. ರೋಡ್ ಹತ್ರ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇಟ್ಕೊಂಡು 26 ವರ್ಷ ಆಯ್ತು. ಮೊದಲೆಲ್ಲ ಟಿವಿ, ಟೇಪ್ ರೆಕಾರ್ಡರ್, ಯುಪಿಎಸ್ ಬರ್ತಿದ್ವು, ಈಗ ಮೂರ್ನಾಲ್ಕು ವರ್ಷದಿಂದ ಗದ್ದೆಗೆ ಔಷಧಿ ಹೊಡೆಯೋ ಡ್ರೋನ್‌ಗಳ ಬೋರ್ಡೇ ಜಾಸ್ತಿ. ಓದಿದ್ದು ಡಿಪ್ಲೊಮಾ. ಆದ್ರೆ ಈ ಪತ್ರದಲ್ಲಿ ಬರೀತಿರೋ ವಿಷಯ ಒಂದು ವರ್ಷದಿಂದ ನಮ್ಮನೇಲಿ ಊಟದ ಹೊತ್ತಲ್ಲೂ ನಡೀತಿರೋ ಮಾತು, ಯಾಕಂದ್ರೆ ಮಗಳು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಳೆ, ಅವಳ ಪ್ರಾಜೆಕ್ಟೇ ಇದು. ಜಿಪಿಎಸ್ ಇಲ್ದೆ, ಬರೀ ಉಗುರಿಗಿಂತ ಚಿಕ್ಕ ಸೆನ್ಸರ್ ಒಂದನ್ನ ನಂಬ್ಕೊಂಡು, ನಾವು ಎಲ್ಲಿಂದ ಹೊರಟು ಎಲ್ಲಿಗೆ ಬಂದ್ವಿ ಅಂತ ಹೇಳೋದು. ಇಂಥ ಸೆನ್ಸರಿನ ತಪ್ಪು ಅಳೆಯೋಕೆ ಬೇಕಾದ ತಿರುಗೋ ಮೇಜು ನಮ್ಮ ಕಡೆಯ ಹುಡುಗರಿಗೂ ಸಿಗ್ಬೇಕು ಅಂತ ಕೇಳೋಕೆ ಈ ಪತ್ರ. ಉದ್ದ ಆಗ್ತೈತೆ, ದಯವಿಟ್ಟು ಕತ್ತರಿ ಹಾಕದೆ ಹಾಕ್ರಿ.

ಮೊದಲು ನಮ್ಮ ಚಳ್ಳಕೆರೆ ಕಡೆ ಕಾವಲಿನ ಮಾತು. ಕುದಾಪುರದ ಸುತ್ತಮುತ್ತ ಅಮೃತ್ ಮಹಲ್ ಕಾವಲು ಸಾವಿರಾರು ಎಕರೆ ವಿಜ್ಞಾನ ಸಂಸ್ಥೆಗಳಿಗೆ ಹೋಗಿದ್ದು ಎಲ್ರಿಗೂ ಗೊತ್ತು. ಕುರಿ ಮೇಯ್ತಿದ್ದ ಜಾಗ ಅದು, ಅಲ್ಲಿಯ ಕುರಿ ಉಣ್ಣೆಯಿಂದ ಕಂಬಳಿ ನೇಯ್ಕೊಂಡು ಬದುಕ್ತಿದ್ದ ಮನೆಗಳು ಸುತ್ತ ಹಳ್ಳಿಗಳಲ್ಲಿ ಇವತ್ತಿಗೂ ಅದಾವೆ. ಅದೇ ನೆಲದಲ್ಲಿ ಈಗ ಡಿಆರ್‌ಡಿಒದವರ ಏರೋನಾಟಿಕಲ್ ಟೆಸ್ಟ್ ರೇಂಜ್ ಐತೆ. ಅಲ್ಲೇ ಇಸ್ರೋದವರು 2023 ಏಪ್ರಿಲ್ 2ಕ್ಕೆ ಒಂದ್ಸಲ, 2024 ಮಾರ್ಚ್ 22ಕ್ಕೆ ಇನ್ನೊಂದ್ಸಲ, ಜೂನ್ 23ಕ್ಕೆ ಮೂರನೇ ಸಲ ರೆಕ್ಕೆ ಇರೋ ರಾಕೆಟ್ ಮಾದರೀನ ಹೆಲಿಕಾಪ್ಟರಿನಿಂದ ಬಿಟ್ಟು ರನ್‌ವೇ ಮೇಲೆ ಇಳಿಸಿದ್ರು. ಪುಷ್ಪಕ್ ಅಂತ ಹೆಸರು. ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ರು, ಮೂರನೇ ಸಲ ಬೇಕಂತಲೇ ರನ್‌ವೇಯಿಂದ 500 ಮೀಟರ್ ಪಕ್ಕಕ್ಕೆ ಬಿಟ್ರು, ಒಳಗೆ ಪೈಲಟ್ ಇಲ್ಲ, ಇಂಜಿನ್ ಓಡ್ತಿಲ್ಲ, ಅದಾಗಿ ಅದೇ ದಾರಿ ಸರಿ ಮಾಡ್ಕೊಂಡು ಬಂದು ಗಂಟೆಗೆ 320 ಕಿಲೋಮೀಟರ್‌ಗಿಂತ ಜಾಸ್ತಿ ಸ್ಪೀಡಲ್ಲಿ ನೆಲ ಮುಟ್ತು. ಆ ವಿಡಿಯೋನ ನಾನು ನನ್ನ ಮಗಳು ಎಷ್ಟು ಸಲ ನೋಡಿದ್ದೀವೋ ಲೆಕ್ಕ ಇಲ್ಲ.

ಅದರೊಳಗೆ ಏನೇನಿತ್ತು ಅಂತ ಇಸ್ರೋದವರೇ ಹೇಳಿದ್ದಾರೆ: ಇನರ್ಷಿಯಲ್ ಸೆನ್ಸರ್, ಎತ್ತರ ಅಳೆಯೋ ರಾಡಾರ್ ಆಲ್ಟಿಮೀಟರ್, ಗಾಳಿ ಒತ್ತಡ ಅಳೆಯೋ ವ್ಯವಸ್ಥೆ, ಉಪಗ್ರಹದ ಥರ ಸಿಗ್ನಲ್ ಕಳಿಸೋಕೆ ನೆಲದ ಮೇಲಿಟ್ಟ ಸುಡೋಲೈಟ್, ಜಿಪಿಎಸ್ ಥರ ದಾರಿ ಹೇಳೋ ನಮ್ಮದೇ ಉಪಗ್ರಹಗಳ ನಾವಿಕ್. ಇಷ್ಟೂ ಸೇರಿ ಲೆಕ್ಕ ಹಾಕಿದ್ದು. ಪಟ್ಟಿಯಲ್ಲಿ ಮೊದಲು ಬರೋ ಇನರ್ಷಿಯಲ್ ಸೆನ್ಸರ್ ಅನ್ನೋದರ ಬಗ್ಗೆನೇ ನನ್ನ ಪತ್ರ. ಮಿಕ್ಕಿದ್ದೆಲ್ಲ ಹೊರಗಡೆಯಿಂದ ಏನೋ ಒಂದು ಸಿಗ್ನಲ್ಲೋ ಗಾಳಿನೋ ತಗೊಂಡು ಹೇಳ್ತವೆ. ಇದೊಂದು ಮಾತ್ರ ಯಾರನ್ನೂ ಕೇಳಲ್ಲ. ಡಬ್ಬ ಮುಚ್ಚಿ ಭೂಮಿಯೊಳಗೆ ಹೂತಿಟ್ರೂ ನಾನು ಈ ಕಡೆ ತಿರುಗಿದೆ, ಇಷ್ಟು ಜೋರಾಗಿ ಹೊರಟೆ ಅಂತ ಹೇಳ್ತೈತೆ. ಚಂದ್ರಯಾನ-3 ಇಳೀವಾಗ ಚಂದ್ರನ ಮೇಲೆ ಯಾವ ಜಿಪಿಎಸ್ ಇತ್ತು ಹೇಳ್ರಿ? ಅಲ್ಲೂ ಇನರ್ಷಿಯಲ್ ಸೆನ್ಸರ್‌ಗಳೇ, ಅಂದ್ರೆ ಎಷ್ಟು ತಿರುಗಿದ್ವಿ ಅಂತ ಅಳೆಯೋ ಲೇಸರ್ ಗೈರೋ, ವೇಗ ಎಷ್ಟು ಬದಲಾಯ್ತು ಅಂತ ಅಳೆಯೋ ಆಕ್ಸೆಲೆರೋಮೀಟರ್ ಇದ್ವು. ಇಸ್ರೋಗೆ ಇಂಥವನ್ನ ಮಾಡ್ಕೊಡೋಕೆ ಅಂತಲೇ ತಿರುವನಂತಪುರದ ವಟ್ಟಿಯೂರ್‌ಕಾವಿನಲ್ಲಿ ಒಂದು ಘಟಕ ಐತೆ.

ಓದುಗರಿಗೆ ಇದು ದೂರದ ವಿಷಯ ಅನ್ನಿಸಬಾರದು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಬಸ್ಸಲ್ಲಿ ನಿಂತಿರ್ತೀರಿ, ಡ್ರೈವರ್ ಗಬಕ್ಕನೆ ಬ್ರೇಕ್ ಹಾಕಿದ್ರೆ ಮುಂದಕ್ಕೆ ವಾಲ್ತೀರಿ. ಕಣ್ಣು ಮುಚ್ಚಿದ್ರೂ ಗೊತ್ತಾಗ್ತೈತೆ. ಆಕ್ಸೆಲೆರೋಮೀಟರ್ ಅಂದ್ರೆ ಅದೇ. ಸಿಲಿಕಾನ್‌ನಲ್ಲಿ ಕೆತ್ತಿದ ಒಂದು ಸಣ್ಣ ತೂಕ, ಅದನ್ನ ಹಿಡ್ಕೊಂಡಿರೋ ಸಿಲಿಕಾನ್‌ದೇ ಸ್ಪ್ರಿಂಗು, ತೂಕದ ಅಂಚಿಗೆ ಬಾಚಣಿಗೆ ಹಲ್ಲಿನ ಥರ ಹಲ್ಲುಗಳು, ಎದುರಿಗೆ ಅಲ್ಲಾಡದೆ ಇರೋ ಇನ್ನೊಂದು ಬಾಚಣಿಗೆ. ಎರಡೂ ಹಲ್ಲುಗಳ ನಡುವಿನ ಸಂದು ಒಂದೆರಡು ಮೈಕ್ರಾನ್. ನಮ್ಮ ತಲೆಕೂದಲು ಹತ್ರ ಹತ್ರ 70 ಮೈಕ್ರಾನ್ ದಪ್ಪ ಇರ್ತೈತೆ ಅಂದ್ರೆ ಅಂದಾಜು ಮಾಡ್ಕೊಳ್ರಿ. ತೂಕ ಚೂರು ಸರಿದ್ರೆ ಸಂದು ಬದಲಾಗಿ ಕೆಪಾಸಿಟರ್ ಬೆಲೆ ಬದಲಾಗ್ತೈತೆ, ಅದನ್ನ ಪಕ್ಕದ ಸರ್ಕಿಟ್ ಓದ್ತೈತೆ. ಕೆಪಾಸಿಟರ್ ಅಂದ್ರೆ ನನಗೆ ದಿನಾ ಕೈಯಲ್ಲಾಡೋ ವಸ್ತು, ಹಿಂಗೂ ಒಂದು ಕೆಪಾಸಿಟರ್ ಇರಬಹುದು ಅಂತ ಮೊದಲ ಸಲ ತಿಳಿದಾಗ ಆವತ್ತೆಲ್ಲ ಬೇರೆ ಕೆಲಸ ಮಾಡೋಕೆ ಮನಸ್ಸಾಗಲಿಲ್ಲ.

ಗೈರೋ ಇನ್ನೂ ಚೆಂದ. ಹಳೇ ಗೈರೋ ಅಂದ್ರೆ ಗಿರಗಿರ ತಿರುಗೋ ಲೋಹದ ಚಕ್ರ, ದೊಡ್ಡದು, ಭಾರ, ಬೇರಿಂಗು ಸವೀತಿತ್ತು. ಸಣ್ಣ ಸೆನ್ಸರಲ್ಲಿ ಚಕ್ರ ಇಲ್ಲ. ಒಂದು ತೂಕ ಸೆಕೆಂಡಿಗೆ ಸಾವಿರಾರು ಸಲ ಆ ಕಡೆ ಈ ಕಡೆ ಅಲ್ಲಾಡ್ತಾ ಇರ್ತೈತೆ. ದುಗ್ಗಮ್ಮನ ಜಾತ್ರೇಲಿ ಮಕ್ಕಳು ಕೂತು ಸುತ್ತೋ ಆಟದ ಹಲಗೆ ಮೇಲೆ, ಅದು ತಿರುಗ್ತಿರುವಾಗಲೇ ನಡುವಿನಿಂದ ಅಂಚಿಗೆ ನಡೆದು ನೋಡ್ರಿ, ಯಾರೋ ಪಕ್ಕಕ್ಕೆ ತಳ್ಳಿದ ಹಂಗೆ ಆಗ್ತೈತೆ. ಫ್ರಾನ್ಸಿನ ಕೊರಿಯೊಲಿಸ್ ಅನ್ನೋರು 1835ರಲ್ಲೇ ಇದನ್ನ ಲೆಕ್ಕ ಮಾಡಿ ಬರೆದಿಟ್ರು. ಅಲ್ಲಾಡ್ತಿರೋ ಆ ತೂಕಕ್ಕೂ ಹಂಗೇ ಆಗ್ತೈತೆ, ಚಿಪ್ ತಿರುಗಿದ್ರೆ ತೂಕ ಪಕ್ಕಕ್ಕೆ ಸರೀತೈತೆ, ಆ ಸರಿದಿದ್ದನ್ನ ಅಳೆದ್ರೆ ಎಷ್ಟು ಬೇಗ ತಿರುಗಿದ್ವಿ ಅಂತ ಗೊತ್ತಾಗ್ತೈತೆ. ಈ ಥರ ಸಿಲಿಕಾನಲ್ಲಿ ಕೆತ್ತೋ ಯಂತ್ರಕ್ಕೆ ಮೆಮ್ಸ್ ಅಂತಾರೆ. 1990ರ ದಶಕದ ಶುರುವಿನಲ್ಲಿ ಕಾರಿನ ಏರ್‌ಬ್ಯಾಗಿಗೆ ಬಂತು, 2010ರಲ್ಲಿ ಐಫೋನ್ 4 ಒಳಗೆ ಗೈರೋ ಬಂತು, ಈಗ ಡ್ರೋನ್ ಬೋರ್ಡಿನಲ್ಲಿ ನಾನು ದಿನಾ ನೋಡೋದು ಇದನ್ನೇ. ಮಗಳು ತಗೊಂಡಿದ್ದು ಎಂಪಿಯು-6050 ಅನ್ನೋ ಹಳೇ ಚಿಪ್ಪು, ನಾಲ್ಕು ಮಿಲಿಮೀಟರ್ ಉದ್ದ, ನಾಲ್ಕು ಅಗಲ, ಒಂದು ಮಿಲಿಮೀಟರ್ ದಪ್ಪವೂ ಇಲ್ಲ. ಅದರೊಳಗೆ ಮೂರು ಗೈರೋ, ಮೂರು ಆಕ್ಸೆಲೆರೋಮೀಟರ್.

ಹೋದ ಡಿಸೆಂಬರಲ್ಲಿ ಮಗಳು, ಅವಳ ಇಬ್ಬರು ಗೆಳತಿಯರು, ನಾನು ಚಿತ್ರದುರ್ಗದ ಕೋಟೆಗೆ ಹೋದ್ವಿ. ಸೆನ್ಸರ್ ಮತ್ತು ಸಣ್ಣ ಬ್ಯಾಟರಿನ ಅವಳ ಶೂ ಮೇಲೆ ಟೇಪ್ ಸುತ್ತಿ ಕಟ್ಟಿದ್ವಿ. ಕೋಟೆನೇ ಯಾಕಂದ್ರೆ ಅಲ್ಲಿ ಏಳು ಸುತ್ತು, ಬಂಡೆ ಸಂದಿಗಳಲ್ಲಿ ಜಿಪಿಎಸ್ ಹೇಳೋದು ಒಂದು, ನಾವು ನಿಂತಿರೋದು ಇನ್ನೊಂದು. ಮೊದಲ ಬಾಗಿಲಿನ ಮುಂದೆ ಒಂದು ಕಲ್ಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿಂದ ಹೊರಟು, ಮೇಲೆ ಹತ್ತಿ, ಹಿಡಿಂಬೇಶ್ವರ ಗುಡಿ ನೋಡ್ಕೊಂಡು, ಓಬವ್ವನ ಕಿಂಡಿ ಕಡೆ ಇಳಿದು, ಸುತ್ಕೊಂಡು ವಾಪಸ್ ಅದೇ ಗುರುತಿನ ಮೇಲೆ ಬಂದು ನಿಂತ್ವಿ. ನಿಂತ ಜಾಗ ಒಂದೇ ಅಂದಮೇಲೆ ಸೆನ್ಸರ್ ಲೆಕ್ಕದಲ್ಲೂ ಹೊರಟ ಜಾಗ ಬಂದ ಜಾಗ ಒಂದೇ ಆಗ್ಬೇಕಲ್ವಾ? ನೆರಳಲ್ಲಿ ಕೂತು ಲ್ಯಾಪ್‌ಟಾಪಲ್ಲಿ ಹಾಕಿ ನೋಡಿದ್ರೆ, ಹತ್ತು ನಿಮಿಷ ಆಗೋದ್ರೊಳಗೆ ಲೆಕ್ಕ ನಮ್ಮನ್ನ ಹೊಳಲ್ಕೆರೆ ದಾಟಿಸಿತ್ತು. ಮಗಳ ಮುಖ ಸಪ್ಪಗಾಯ್ತು.

ಇದು ಯಾಕೆ ಹಿಂಗೆ ಅನ್ನೋದೇ ಈ ವಿದ್ಯೆಯ ಇಡೀ ಕಷ್ಟ. ಆಕ್ಸೆಲೆರೋಮೀಟರ್ ಹೇಳೋದು ವೇಗ ಎಷ್ಟು ಬದಲಾಯ್ತು ಅಂತ. ಅದನ್ನ ಕೂಡ್ತಾ ಹೋದ್ರೆ ವೇಗ, ವೇಗ ಕೂಡ್ತಾ ಹೋದ್ರೆ ದೂರ. ಎರಡು ಸಲ ಕೂಡೋದ್ರಿಂದ ಸಣ್ಣ ತಪ್ಪೂ ಬಡ್ಡಿ ಮೇಲೆ ಬಡ್ಡಿ ಬೆಳೆದ ಹಂಗೆ ಬೆಳೀತೈತೆ. ಗುರುತ್ವದ ಸಾವಿರದಲ್ಲಿ ಒಂದು ಪಾಲು ತಪ್ಪಿದ್ರೂ ಒಂದು ನಿಮಿಷಕ್ಕೆ ಹತ್ರ ಹತ್ರ ಹದಿನೇಳೂವರೆ ಮೀಟರ್ ಆಚೆ, ಹತ್ತು ನಿಮಿಷಕ್ಕೆ ಅದರ ನೂರು ಪಟ್ಟು, ಒಂದೂ ಮುಕ್ಕಾಲು ಕಿಲೋಮೀಟರ್. ಗೈರೋ ತಪ್ಪು ಇನ್ನೂ ಕೆಟ್ಟದ್ದು. ಗೈರೋ ತಪ್ಪಿದ್ರೆ ಕೆಳಗೆ ಯಾವುದು ಮೇಲೆ ಯಾವುದು ಅನ್ನೋದೇ ತಪ್ಪಿ, ಭೂಮಿ ಎಳೆಯೋದನ್ನೇ ನಡಿಗೆ ಅಂದ್ಕೊಳ್ತೈತೆ. ಸೆಕೆಂಡಿಗೆ ಡಿಗ್ರಿಯ ನೂರರಲ್ಲಿ ಒಂದು ಪಾಲು ತಪ್ಪು ಇಟ್ಕೊಳ್ರಿ, ಒಂದು ನಿಮಿಷಕ್ಕೆ 60 ಮೀಟರ್, ಎರಡೇ ನಿಮಿಷಕ್ಕೆ ಎಂಟು ಪಟ್ಟು, 500 ಮೀಟರ್ ಹತ್ರ. ಭೂಮಿ ತಿರುಗೋದೇ ಗಂಟೆಗೆ 15 ಡಿಗ್ರಿ, ನಾನು ಹೇಳಿದ ತಪ್ಪು ಗಂಟೆಗೆ 36 ಡಿಗ್ರಿ ಆಗ್ತೈತೆ, ಅಂದ್ರೆ ಭೂಮಿ ತಿರುಗೋದಕ್ಕಿಂತ ಸೆನ್ಸರಿನ ಸುಳ್ಳೇ ಜೋರು. ಒಳ್ಳೇ ಗೈರೋ ಆದ್ರೆ ಸುಮ್ನೆ ಮೇಜಿನ ಮೇಲಿಟ್ರೂ ಭೂಮಿ ತಿರುಗೋದನ್ನ ಹಿಡ್ದು ಉತ್ತರ ದಿಕ್ಕು ಯಾವುದು ಅಂತ ಹೇಳ್ತೈತೆ, ದಿಕ್ಸೂಚಿ ಬೇಕಿಲ್ಲ. ವಿಮಾನಗಳಲ್ಲಿರೋ ಲೇಸರ್ ಗೈರೋಗಳ ತಪ್ಪು ಗಂಟೆಗೆ ಡಿಗ್ರಿಯ ನೂರನೇ ಒಂದು ಪಾಲಿನ ಹತ್ರ. ಅಂಥ ಕೆಲಸವನ್ನ ಉಗುರಿನಷ್ಟು ಸಿಲಿಕಾನಲ್ಲಿ ಮಾಡೋಕಾಗ್ತೈತಾ ಅನ್ನೋದೇ ಈಗ ಪ್ರಪಂಚದಲ್ಲೆಲ್ಲ ನಡೀತಿರೋ ಓಟ.

ಕೋಟೆಯ ಕಥೆ ಅಲ್ಲಿಗೆ ಮುಗೀಲಿಲ್ಲ. ಮಗಳ ಗೆಳತಿ ಒಬ್ಬಳು ಹೇಳಿದ್ಲು, ನಡೀವಾಗ ಪ್ರತಿ ಹೆಜ್ಜೆಗೂ ಪಾದ ನೆಲದ ಮೇಲೆ ಒಂದು ಕ್ಷಣ ಸುಮ್ನೆ ನಿಲ್ಲತ್ತಲ್ಲ, ಆ ಕ್ಷಣದಲ್ಲಿ ವೇಗ ಸೊನ್ನೆ ಅಂತ ನಮಗೆ ಗ್ಯಾರಂಟಿ ಗೊತ್ತು, ಹಂಗಾದ್ರೆ ಪ್ರತಿ ಹೆಜ್ಜೆಗೂ ಲೆಕ್ಕಾನ ಸೊನ್ನೆಗೆ ಎಳೀಬಹುದಲ್ಲ ಅಂತ. ಇದು ಪ್ರಪಂಚದಲ್ಲಿ ಗೊತ್ತಿರೋ ಉಪಾಯನೇ, ಪುಸ್ತಕದಲ್ಲಿ ಐತೆ, ಆದ್ರೆ ಅವತ್ತು ಆ ಬಂಡೆ ಮೇಲೆ ಕೂತು ಆ ಹುಡುಗಿ ಹೇಳಿದ್ದು ಕೇಳಿದಾಗ ನನಗೆ ಮೈ ಜುಮ್ ಅಂತು. ಇನ್ನೊಂದು ತಪ್ಪೂ ಸಿಕ್ತು. ಸೆನ್ಸರನ್ನ 2 ಜಿ ರೇಂಜಿಗೆ, ಅಂದ್ರೆ ಭೂಮಿಯ ಗುರುತ್ವದ ಎರಡು ಪಟ್ಟಿನವರೆಗೆ ಅಳೆಯೋ ಹಂಗೆ ಇಟ್ಟಿದ್ರು, ಹಿಮ್ಮಡಿ ಕಲ್ಲಿಗೆ ಬಡಿಯೋ ಪೆಟ್ಟು ಅದಕ್ಕಿಂತ ಜಾಸ್ತಿ, ಗ್ರಾಫಿನ ತಲೆಯೆಲ್ಲ ಚಪ್ಪಟೆ ಆಗಿ ಕತ್ತರಿಸಿ ಹೋಗಿತ್ತು. 16 ಜಿಗೆ ಬದಲಾಯಿಸಿ ಮುಂದಿನ ಭಾನುವಾರ ಮತ್ತೆ ಹೋದ್ವಿ. ಈ ಸಲ ಒಂದು ಕಿಲೋಮೀಟರ್ ಸುತ್ತಿ ಬಂದ್ಮೇಲೆ ಲೆಕ್ಕ ತಪ್ಪಿದ್ದು 30 ಮೀಟರ್ ಅಷ್ಟೇ. ಪರದೆ ಮೇಲೆ ಕೋಟೆ ದಾರಿ ಸುತ್ತು ಸುತ್ತಾಗಿ ಮೂಡಿತ್ತು, ಕಿಂಡಿ ಹತ್ರ ಬಗ್ಗಿ ಇಳಿದಿದ್ದೂ ಕಾಣ್ತಿತ್ತು.

ಉಳಿದ 30 ಮೀಟರ್ ಎಲ್ಲಿ ಹೋಯ್ತು ಅಂತ ಹುಡುಕೋಕೆ ಹೊರಟಾಗಲೇ ನಮಗೆ ಗೋಡೆ ಅಡ್ಡ ಬಂದಿದ್ದು. ಎರಡು ಕಾರಣ. ಒಂದು, ಗೈರೋ 100 ಡಿಗ್ರಿ ತಿರುಗಿದೆ ಅಂದ್ರೆ ನಿಜವಾಗಲೂ 100 ತಿರುಗಿರ್ತೈತಾ, 98 ಇರಬಹುದಾ, ಅದನ್ನ ನೋಡೋಕೆ ಸರಿಯಾದ ವೇಗದಲ್ಲಿ ತಿರುಗೋ ಮೇಜು ಬೇಕು. ರೇಟ್ ಟೇಬಲ್ ಅಂತಾರೆ. ಬೆಲೆ ಲಕ್ಷಗಟ್ಟಲೆ. ಎರಡು, ಸೆನ್ಸರ್ ಬಿಸಿ ಆದ್ರೆ ಅದರ ತಪ್ಪೇ ಬದಲಾಗ್ತೈತೆ, ಅದಕ್ಕೆ ಶಾಖ ಏರಿಸಿ ಇಳಿಸೋ ಪೆಟ್ಟಿಗೆ ಬೇಕು.

ಮೇಜಿಗೆ ಬದಲು ನಮ್ಮಪ್ಪನ ಹಳೇ ರೆಕಾರ್ಡ್ ಪ್ಲೇಯರ್ ಇಳಿಸಿದ್ವಿ. ನಿಮಿಷಕ್ಕೆ ಮೂವತ್ಮೂರು ಮತ್ತೆ ಮೂರನೇ ಒಂದು ಸುತ್ತು ಅಂದ್ರೆ ಸೆಕೆಂಡಿಗೆ ಸರಿಯಾಗಿ 200 ಡಿಗ್ರಿ. ಸೆನ್ಸರ್ ಅಂಚಲ್ಲಿ ಇಟ್ರೂ ನಡುವೆ ಇಟ್ರೂ ತಿರುಗೋ ವೇಗ ಒಂದೇ, ಅದು ಅನುಕೂಲ. 100 ಸುತ್ತಿಗೆ ಕರೆಕ್ಟಾಗಿ ಮೂರು ನಿಮಿಷ ಆಗ್ಬೇಕು, ಎಣಿಸಿ ನೋಡಿದ್ರೆ ಎರಡು ಸೆಕೆಂಡ್ ಜಾಸ್ತಿ ತಗೊಳ್ತು, ಬೆಲ್ಟ್ ಸಡಿಲ ಆಗಿತ್ತು, ಅದನ್ನ ಲೆಕ್ಕದಲ್ಲಿ ಸೇರಿಸ್ಕೊಂಡ್ವಿ. ವೈರ್ ಸುತ್ಕೋತೈತೆ ಅಂತ ಮೆಮೊರಿ ಕಾರ್ಡಿಗೆ ಬರೆಸಿದ್ವಿ. ಶಾಖದ ಪೆಟ್ಟಿಗೆಗೆ ಬದಲು ಫ್ರಿಡ್ಜು. ಮೊಸರಿನ ಪಾತ್ರೆ ಪಕ್ಕ ಸೆನ್ಸರ್ ಒಂದು ಗಂಟೆ ಇಟ್ಟು, ಆಮೇಲೆ ಏಪ್ರಿಲ್ ಬಿಸಿಲಿಗೆ ಮಾಳಿಗೆ ಮೇಲೆ ಇಟ್ಟು, ಅಲ್ಲಾಡಿಸದೇ ಇದ್ರೂ ಅದು ಎಷ್ಟು ತಿರುಗಿದೆ ಅಂತ ಹೇಳ್ತೈತೆ ನೋಡೋದು. ಎರಡೂ ಒಂದೇ ಇರ್ಲಿಲ್ಲ. ಬೆಳಗ್ಗೆ ಕೋಟೆ ಕೆಳಗೆ ಸೊನ್ನೆ ಮಾಡ್ಕೊಂಡು ಹೊರಟ ಸೆನ್ಸರ್, ಬಂಡೆ ಕಾದ ಮೇಲೆ ಬೇರೆ ಮನುಷ್ಯನ ಥರ ಮಾತಾಡ್ತಿತ್ತು ಅಂತ ಆಮೇಲೆ ಅರ್ಥ ಆಯ್ತು.

ಇದೇ ವಿಷಯ ನನ್ನ ಅಂಗಡಿಗೂ ಬಂದಿತ್ತು. ಹರಿಹರ ಕಡೆಯ ರೈತರೊಬ್ಬರ ಡ್ರೋನು, ಬೆಳಗ್ಗೆ ಆರು ಗಂಟೆಗೆ ನೆಟ್ಟಗೆ ಹಾರ್ತಿತ್ತು, ಬಿಸಿಲೇರಿದ ಮೇಲೆ ತೆಂಗಿನ ಸಾಲಿನ ಪಕ್ಕ ಹೋದಾಗ ಜಿಪಿಎಸ್ ಬಿಟ್ಟು ಬಿಟ್ಟು ಬಂತು, ಆ ನಾಲ್ಕು ಸೆಕೆಂಡ್ ಬರೀ ಸೆನ್ಸರ್ ಮೇಲೆ ಹಾರಬೇಕಾದಾಗ ಎಡಕ್ಕೆ ವಾಲ್ಕೊಂಡು ಹೋಗಿ ಮರಕ್ಕೆ ಬಡೀತು. ಎರಡು ರೆಕ್ಕೆ, ಒಂದು ಕಾಲು, ಔಷಧಿ ಟ್ಯಾಂಕು ಹೋಯ್ತು. ಮಾರಿದವರಿಗೆ ಫೋನ್ ಮಾಡಿದ್ರೆ ಹಾರಿಸಿದವರದ್ದೇ ತಪ್ಪು ಅಂದ್ರಂತೆ. ನಾನು ಕೇಳಿದೆ, ಕ್ಯಾಲಿಬ್ರೇಶನ್, ಅಂದ್ರೆ ಸೆನ್ಸರಿನ ತಪ್ಪು ನೋಡಿ ತಿದ್ದೋದು, ಎಲ್ಲಿ ಮಾಡಿದ್ರಿ ಅಂತ. ಅಂಗಳದಲ್ಲಿ ಹೊರಸಿನ ಮೇಲೆ ಇಟ್ಟು ಮಾಡಿದ್ವಿ ಅಂದ್ರು. ಅವರಿಗೆ ಯಾರೂ ಹೇಳೇ ಇಲ್ಲ, ಅದು ಆರೂ ಮುಖಕ್ಕೆ ತಿರುಗಿಸಿ ಮಟ್ಟವಾದ ಜಾಗದಲ್ಲಿ ಮಾಡ್ಬೇಕು ಅಂತ. ಈಗ ನಾನು ಗಾರೆ ಕೆಲಸದವರ ರಸಮಟ್ಟ ಒಂದು ಅಂಗಡಿಯಲ್ಲೇ ಇಟ್ಕೊಂಡಿದ್ದೀನಿ, ಕಲ್ಲು ಬೆಂಚನ್ನ ಅದರಲ್ಲಿ ಮಟ್ಟ ಮಾಡಿ, ಬೋರ್ಡ್ ಬಿಸಿ ಆದ ಮೇಲೆನೇ ಕ್ಯಾಲಿಬ್ರೇಟ್ ಮಾಡಿ ಕಳಿಸ್ತೀನಿ. ಸರ್ಕಾರದವರು ಡ್ರೋನ್ ದೀದಿ ಅಂತ ಹೆಣ್ಣುಮಕ್ಕಳ ಸಂಘಗಳಿಗೆ ಡ್ರೋನ್ ಕೊಟ್ಟಿದ್ದಾರೆ. ಆ ಅಕ್ಕಂದಿರಿಗೆ ಹಾರಿಸೋದು ಕಲಿಸೋ ಜೊತೆಗೆ ಈ ಸೆನ್ಸರ್ ವಿಷಯಾನೂ ಕನ್ನಡದಲ್ಲಿ ಹೇಳಿಕೊಡ್ಬೇಕು.

ಬೋರ್‌ವೆಲ್ ಮಾತೂ ಹೇಳಿಬಿಡ್ತೀನಿ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೇಲಿ ನೂರಾರು ಅಡಿ ಕೊರೆಸ್ತಾರೆ. ಕೊಳವೆ ಸೊಟ್ಟ ಹೋಗಿದ್ರೆ ಮೋಟ್ರು ಇಳಿಸುವಾಗ ಸಿಕ್ಕಾಕೊಂಡು ರೈತ ಅಳೋದೇ ಗತಿ. ಎಷ್ಟು ಅಡಿಗೆ ಎಷ್ಟು ವಾಲಿದೆ ಅಂತ ಸಣ್ಣ ಆಕ್ಸೆಲೆರೋಮೀಟರ್ ಇಳಿಸಿ ನೋಡಬಹುದು, ಯಾವ ದಿಕ್ಕಿಗೆ ಅನ್ನೋದಕ್ಕೆ ಗೈರೋ ಬೇಕು, ಕಬ್ಬಿಣದ ಕೇಸಿಂಗ್ ಒಳಗೆ ದಿಕ್ಸೂಚಿ ಕೆಲಸ ಮಾಡಲ್ಲ. ತೈಲ ಬಾವಿಗಳಲ್ಲಿ ಈ ಕೆಲಸ ಎಷ್ಟೋ ವರ್ಷದಿಂದ ನಡೀತೈತೆ. ನಮ್ಮ ಬಯಲುಸೀಮೆಗೆ ಕಡಿಮೆ ಬೆಲೇಲಿ ಇಂಥದ್ದೊಂದು ಮಾಡೋಕೆ ನಮ್ಮ ಹುಡುಗರಿಗಿಂತ ಬೇರೆ ಯಾರಿಗೆ ಮನಸ್ಸು ಬರ್ತೈತೆ ಹೇಳ್ರಿ.

ಈಗ ನಾನು ಕೇಳೋದು ಏನು ಅಂತ ನೇರವಾಗಿ ಹೇಳ್ತೀನಿ. ದಾವಣಗೆರೆಗೆ ಚಿಪ್ ಫ್ಯಾಕ್ಟರಿ ಕೊಡ್ರಿ ಅಂತ ನಾನು ಕೇಳಲ್ಲ. ಸಿಲಿಕಾನ್ ಕೆತ್ತೋದಕ್ಕೆ ಧೂಳಿಲ್ಲದ ಕೋಣೆ, ಶುದ್ಧ ನೀರು, ಒಂದು ಕ್ಷಣವೂ ಹೋಗದ ಕರೆಂಟು, ಕೋಟಿಗಟ್ಟಲೆ ಯಂತ್ರ ಬೇಕು. ಮೊಹಾಲಿಯಲ್ಲಿ ಸರ್ಕಾರದ ಸೆಮಿಕಂಡಕ್ಟರ್ ಲ್ಯಾಬೊರೇಟರಿ ಐತೆ, ಬೆಂಗಳೂರಿನ ಐಐಎಸ್‌ಸಿಯಲ್ಲಿ ನ್ಯಾನೋ ಕೇಂದ್ರ ಐತೆ, ಬೇರೆ ಕಾಲೇಜಿನ ಸಂಶೋಧಕರೂ ಅಲ್ಲಿ ಹೋಗಿ ಕೆಲಸ ಮಾಡೋ ಯೋಜನೆ ಎಷ್ಟೋ ವರ್ಷದಿಂದ ನಡೀತೈತೆ. ಡಿಆರ್‌ಡಿಒ ಮುಖ್ಯಸ್ಥರಾಗಿದ್ದ ಡಾ. ವಿ.ಕೆ. ಆತ್ರೆ ಅವರು ಮುಂದೆ ನಿಂತು ಮೈಕ್ರೋ ಮತ್ತು ಸ್ಮಾರ್ಟ್ ಸಿಸ್ಟಮ್ಸ್ ಅನ್ನೋ ರಾಷ್ಟ್ರೀಯ ಕಾರ್ಯಕ್ರಮ ನಡೆಸಿದ್ರು, ಅದರಲ್ಲಿ ದೇಶದ ಎಷ್ಟೋ ಕಾಲೇಜುಗಳಿಗೆ ಮೆಮ್ಸ್ ಡಿಸೈನ್ ಸಾಫ್ಟ್‌ವೇರ್ ಸಿಕ್ತು. ಒಳ್ಳೇ ಕೆಲಸ. ಡಿಸೈನಿಗೆ ದಾರಿ ಆಯ್ತು, ಕೆತ್ತೋಕೆ ದಾರಿ ಆಯ್ತು, ಆದ್ರೆ ಕೆತ್ತಿ ಬಂದ ಚಿಪ್ಪನ್ನ ಅಥವಾ ಕೊಂಡು ತಂದ ಚಿಪ್ಪನ್ನ ಅಳೆದು, ಅದರ ಸುಳ್ಳು ಎಷ್ಟು ಅಂತ ಕಂಡುಹಿಡಿದು ತಿದ್ದೋ ಕೆಲಸಕ್ಕೆ ನಮ್ಮಂಥ ಊರಲ್ಲಿ ಏನೂ ಇಲ್ಲ. ಸೆನ್ಸರಿನ ಬೆಲೆಯಲ್ಲಿ ದೊಡ್ಡ ಪಾಲು ಇದಕ್ಕೇ ಹೋಗೋದು. ಒಂದೇ ಥರದ ಎರಡು ಚಿಪ್ಪು, ಒಂದನ್ನ ಚೆನ್ನಾಗಿ ಅಳೆದು ತಿದ್ದಿದ್ರೆ ಅದು ದಾರಿ ತೋರಿಸ್ತೈತೆ, ಇನ್ನೊಂದು ಆಟದ ಸಾಮಾನಾಗೇ ಉಳೀತೈತೆ.

ಈ ಅಳೆಯೋ ಕೆಲಸಕ್ಕೆ ಧೂಳಿಲ್ಲದ ಕೋಣೆ ಬೇಡ. ಅಲ್ಲಾಡದ ನೆಲ, ಒಂದು ತಿರುಗೋ ಮೇಜು, ಒಂದು ಶಾಖದ ಪೆಟ್ಟಿಗೆ, ಒಂದು ನಡುಗಿಸೋ ಯಂತ್ರ, ತಾಳ್ಮೆ ಇರೋ ಕೈ ಬೇಕು. ಅಂಥ ಕೈ ನಮ್ಮೂರ ಕಡೆ ಇದ್ವು. ನಮ್ಮಪ್ಪ ಹರಿಹರದ ಲೇಥ್ ಕಾರ್ಖಾನೇಲಿ ಸ್ಕ್ರೇಪಿಂಗ್ ಮಾಡ್ತಿದ್ರು. ಲೇಥ್ ಬೆಡ್ಡಿಗೆ ನೀಲಿ ಹಚ್ಚಿ, ಸಮತಟ್ಟಿನ ಪಟ್ಟಿ ಉಜ್ಜಿ, ನೀಲಿ ಎಲ್ಲೆಲ್ಲಿ ಅಂಟಿದೆಯೋ ಅಲ್ಲಷ್ಟೇ ಕೈಯಲ್ಲಿ ಕೆರೆದು ಕೆರೆದು ಮೈಕ್ರಾನ್ ಲೆಕ್ಕದಲ್ಲಿ ಮಟ್ಟ ತರ್ತಿದ್ರು. ಮನೇಲಿ ಅನ್ನದ ತಟ್ಟೆ ಅಲ್ಲಾಡಿದ್ರೂ ಕೆಳಗೆ ಕಾಗದ ಮಡಿಸಿ ಇಡೋರು. ಆ ಕಾರ್ಖಾನೆ ಇಲ್ಲ, ದಾವಣಗೆರೆಯ ಹತ್ತಿ ಮಿಲ್ಲುಗಳು ಮುಚ್ಚಿ ಹೋದ್ವು, ಆದ್ರೆ 1951ರಲ್ಲೇ ಇಂಜಿನಿಯರಿಂಗ್ ಕಾಲೇಜು ಶುರುವಾದ ಊರು ಇದು. ಪ್ರತಿ ವರ್ಷ ಎರಡೂ ಜಿಲ್ಲೆಯ ಕಾಲೇಜುಗಳಿಂದ ಹುಡುಗ ಹುಡುಗೀರು ಇಂಜಿನಿಯರ್ ಆಗಿ ಹೊರಗೆ ಬಂದು ಬೆಂಗಳೂರು ಬಸ್ ಹತ್ತುತಾರೆ.

ಕುದಾಪುರದ ಐಐಎಸ್‌ಸಿ ಕ್ಯಾಂಪಸ್ಸಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಡೋ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಈಗಾಗಲೇ ಐತೆ. ಅಲ್ಲಿ ತರಬೇತಿ ತಗೊಂಡು ಬಂದ ವಿಜ್ಞಾನದ ಮೇಷ್ಟ್ರುಗಳನ್ನ ನಾನು ಬಲ್ಲೆ, ಖುಷಿಯಿಂದ ಹೇಳ್ತಾರೆ. ಅದೇ ಕ್ಯಾಂಪಸ್ಸಲ್ಲಿ ಒಂದು ಕೋಣೆ ಕೊಟ್ಟು ಸೆನ್ಸರ್ ಪರೀಕ್ಷಾ ಬೆಂಚು ಹಾಕಿ, ವಾರಕ್ಕೆ ಎರಡು ದಿನ ದಾವಣಗೆರೆ ಚಿತ್ರದುರ್ಗದ ವಿದ್ಯಾರ್ಥಿಗಳಿಗೆ, ಐಟಿಐ ಹುಡುಗರಿಗೆ, ನಮ್ಮಂಥ ರಿಪೇರಿ ಅಂಗಡಿಯವರಿಗೆ ಹೆಸರು ಬರೆಸಿ ಬಳಸೋಕೆ ಬಿಡ್ರಿ. ಕೇಂದ್ರ ಸರ್ಕಾರ 2021ರ ಡಿಸೆಂಬರಲ್ಲಿ 76,000 ಕೋಟಿಯ ಸೆಮಿಕಂಡಕ್ಟರ್ ಯೋಜನೆ ಒಪ್ಪಿದಾಗ ಅದರಲ್ಲಿ ಮೆಮ್ಸ್ ಸೆನ್ಸರ್ ಘಟಕಗಳಿಗೂ ಸಹಾಯಧನ ಅಂತ ಸೇರಿಸಿದ್ದಾರೆ. ಘಟಕ ಎಲ್ಲೇ ಆಗ್ಲಿ, ಅಲ್ಲಿ ಕೆಲಸ ಮಾಡೋ ಕೈಗಳಿಗೆ ಈಗಿಂದ ಅಭ್ಯಾಸ ಬೇಕಲ್ಲ. ನಮ್ಮ ಎಂಪಿ, ಎಂಎಲ್ಎಗಳು ಎರಡೂ ಜಿಲ್ಲೆಯವರು ಒಟ್ಟಿಗೆ ಕೂತು ಒಂದು ಪತ್ರ ಬರೆದ್ರೆ ಆಗೋ ಕೆಲಸ ಇದು ಅಂತ ನನ್ನ ನಂಬಿಕೆ.

ಮಗಳ ತಂಡದವರು ಮೇಜಿಗೋಸ್ಕರ ಒಂದು ದೊಡ್ಡ ಸಂಸ್ಥೆಗೆ ಮೂರು ಸಲ ಮೇಲ್ ಹಾಕಿದ್ರು, ಅರ್ಧ ದಿನ ಬಳಸೋಕೆ ಬಿಡ್ರಿ, ಬಸ್ ಚಾರ್ಜ್ ನಾವೇ ಹಾಕ್ಕೊಂಡು ಬರ್ತೀವಿ ಅಂತ. ಉತ್ತರ ಬರ್ಲಿಲ್ಲ. ಅವರ ಕಾಲೇಜಲ್ಲಿ ಒಬ್ಬ ಮೇಷ್ಟ್ರು, ಇದೆಲ್ಲ ಯಾಕಮ್ಮಾ, ಪ್ರಾಜೆಕ್ಟ್ ಅಂಗಡಿಯಲ್ಲಿ ರೆಡಿ ಸಿಗ್ತಾವಲ್ಲ ತಂದು ತೋರಿಸ್ರಿ ಅಂದ್ರಂತೆ. ಅವತ್ತು ರಾತ್ರಿ ಮಗಳು ಊಟ ಮಾಡ್ಲಿಲ್ಲ. ನಂಗೂ ಗಂಟಲಲ್ಲಿ ಇಳೀಲಿಲ್ಲ. ಆ ಮೇಷ್ಟ್ರ ಮೇಲೆ ನಂಗೆ ಸಿಟ್ಟಿಲ್ಲ, ಅವರ ಲ್ಯಾಬಲ್ಲೂ ಏನಿಲ್ಲ, ಏನು ಮಾಡ್ತಾರೆ. ಆದ್ರೆ ಆಕಾಶದಿಂದ ಬಿಟ್ಟ ವಿಮಾನ ತಾನಾಗೇ ಬಂದು ಇಳಿಯೋ ನೆಲದ ಮಕ್ಕಳಿಗೆ ಹಿಂಗೆ ಹೇಳೋ ಪರಿಸ್ಥಿತಿ ಇರಬಾರದು.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಪುಷ್ಪಕ್ ಇಳಿದಾಗ ಫೋಟೋ ಚೆನ್ನಾಗಿ ಹಾಕಿದ್ರಿ. ಅದರ ಒಳಗಿನ ಸೆನ್ಸರ್ ಹೆಂಗೆ ಕೆಲಸ ಮಾಡ್ತೈತೆ ಅನ್ನೋದನ್ನೂ ವಿಜ್ಞಾನ ಪುಟದಲ್ಲಿ ಚಿತ್ರದ ಸಮೇತ ಕನ್ನಡದಲ್ಲಿ ಹಾಕ್ರಿ, ಹೈಸ್ಕೂಲ್ ಮಕ್ಕಳು ಕತ್ತರಿಸಿ ಇಟ್ಕೊಳ್ತಾರೆ.

ರೆಕಾರ್ಡ್ ಪ್ಲೇಯರಿಗೆ ಹೊಸ ಬೆಲ್ಟ್ ಹಾಕಿಸಿದ್ದೀನಿ, ಈಗ 100 ಸುತ್ತಿಗೆ ಮೂರು ನಿಮಿಷ ಸರಿಯಾಗಿ ಬರ್ತೈತೆ. ರಸಮಟ್ಟ ಐತೆ, ಕಲ್ಲು ಬೆಂಚು ಐತೆ. ಕುದಾಪುರದಲ್ಲಿ ನಿಜವಾದ ಮೇಜು ಬರೋವರೆಗೆ, ಗೈರೋ ಮೇಲೆ ಕೆಲಸ ಮಾಡೋ ಯಾವ ವಿದ್ಯಾರ್ಥಿ ಆದ್ರೂ ಭಾನುವಾರ ಬೆಳಗ್ಗೆ ನಮ್ಮ ಅಂಗಡಿಗೆ ಬಂದು ಬಳಸಬಹುದು, ದುಡ್ಡು ತಗೊಳ್ಳಲ್ಲ. ಮೆಮೊರಿ ಕಾರ್ಡ್ ಮಾತ್ರ ನೀವೇ ತರ್ಬೇಕು.

ಇಂತಿ ನಿಮ್ಮ ಓದುಗ,
ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಯವನು,
ದಾವಣಗೆರೆ